ಸ್ಕೇಟ್‌ಬೋರ್ಡ್‌ಗೆ ಮೋಟರ್ ಕೂರಿಸುವುದು ಹೇಗೆ: ಹಂಪ್ಸ್ ದಾಟಿದರೂ ಅಲುಗದ ಮೌಂಟ್

ನಾನು ಮನೆಯಲ್ಲಿ ಮಾಡಿದ ಮೊದಲ ಎಲೆಕ್ಟ್ರಿಕ್ ಬೋರ್ಡ್ ಓಡಿದ್ದು ನಾಲ್ಕೇ ದಿನ. ಐದನೇ ದಿನ ಬೆಳಿಗ್ಗೆ ನಮ್ಮ ಬಡಾವಣೆಯ ಹಂಪ್ಸ್ ದಾಟುವಾಗ ಕೆಳಗಿನಿಂದ 'ಟಕ್' ಅಂತ ಸದ್ದು ಬಂತು. ಅದರ ಹಿಂದೆಯೇ ಕಬ್ಬಿಣ ಟಾರಿಗೆ ಉಜ್ಜುವ ಸದ್ದು. ಇಳಿದು ಬೋರ್ಡ್ ಮಗುಚಿ ನೋಡಿದೆ. ಮೋಟರ್ ಹಿಡಿದಿದ್ದ ಕ್ಲ್ಯಾಂಪ್ ಹ್ಯಾಂಗರ್ (ಚಕ್ರದ ಆಕ್ಸಲ್ ಹೊತ್ತ ಅಡ್ಡ ಕೋಲು) ಮೇಲೆ ಜಾರಿ, ಮೋಟರ್ ಕೆಳಕ್ಕೆ ಜೋತುಬಿದ್ದಿತ್ತು. ಅದರ ಹೊಟ್ಟೆ ಒಂದು ಕಡೆ ಸವೆದು ಬೆಳ್ಳಗೆ ಹೊಳೆಯುತ್ತಿತ್ತು. ಬೆಲ್ಟ್ ಮಾತ್ರ ಮೊದಲಿನಷ್ಟೇ ಬಿಗಿಯಾಗಿತ್ತು! ಮೋಟರ್ ತಿರುಗಿದ್ದು ಚಕ್ರದ ಆಕ್ಸಲ್ ಸುತ್ತಲೇ ಆದ್ದರಿಂದ ಎರಡು ಪುಲ್ಲಿಗಳ ನಡುವಿನ ದೂರ ಬದಲಾಗಿರಲಿಲ್ಲ. ಹಾಗಾಗಿ ಹೊರಡುವ ಮುಂಚೆ ಬೆಲ್ಟ್ ಒತ್ತಿ ನೋಡಿದಾಗ ಎಲ್ಲ ಸರಿ ಇದೆ ಅನ್ನಿಸಿತ್ತು.

ಅವತ್ತು ಸಂಜೆ ಕೂತು ಲೆಕ್ಕ ಹಾಕಿದೆ. ಈ ಲೇಖನದ ತಿರುಳು ಆ ಲೆಕ್ಕವೇ.

190 ಕೆವಿ (ಅಂದರೆ ಒಂದು ವೋಲ್ಟ್‌ಗೆ ನಿಮಿಷಕ್ಕೆ 190 ಸುತ್ತು) ಮೋಟರ್ ಪ್ರತಿ ಆಂಪಿಯರ್‌ಗೆ ಸುಮಾರು 0.05 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. 40 ಆಂಪಿಯರ್ ಹರಿಸಿದರೆ 2. ಮೋಟರಿಗೆ 15 ಹಲ್ಲಿನ ಪುಲ್ಲಿ, ಚಕ್ರಕ್ಕೆ 36 ಹಲ್ಲಿನ ಪುಲ್ಲಿ ಇದ್ದರೆ ಅದು 2.4 ಪಟ್ಟಾಗಿ ಚಕ್ರಕ್ಕೆ 4.8 ಸಿಗುತ್ತದೆ. ಚಕ್ರವನ್ನು ಮುಂದೆ ತಿರುಗಿಸುವ ಅಷ್ಟೇ ಟಾರ್ಕ್ ಮೌಂಟನ್ನು, ಅಂದರೆ ಮೋಟರನ್ನು ಹ್ಯಾಂಗರ್‌ಗೆ ಹಿಡಿಸುವ ಪ್ಲೇಟ್ ಮತ್ತು ಕ್ಲ್ಯಾಂಪನ್ನು, ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಈಗ ತೂಕದ ಕಡೆ ಬನ್ನಿ. ಮೋಟರ್ ಹತ್ತಿರ ಹತ್ತಿರ ಒಂದು ಕಿಲೋ. ಅದು ಆಕ್ಸಲ್‌ನಿಂದ 7 ಸೆಂಟಿಮೀಟರ್ ಆಚೆ ನೇತಾಡುತ್ತಿದೆ. ಸುಮ್ನೆ ನಿಂತಿದ್ದಾಗ ಅದರ ಭಾರ 0.7 ನ್ಯೂಟನ್ ಮೀಟರ್ ಕೂಡ ಇಲ್ಲ. ಆದರೆ ಹಂಪ್ಸ್ ಇಳಿಯುವಾಗ ಬೀಳುವ ಏಟು ತೂಕದ ಹತ್ತು ಪಟ್ಟು ಅಂತ ಇಟ್ಟುಕೊಂಡರೂ ಅದು 6 ದಾಟುತ್ತದೆ. ಅಂದರೆ ಮೋಟರಿನ ಶಕ್ತಿಗಿಂತ ರಸ್ತೆಯ ಏಟೇ ಜಾಸ್ತಿ. ಬ್ರೇಕ್ ಒತ್ತಿಕೊಂಡು ಗುಂಡಿಗೆ ಇಳಿದರೆ ಎರಡೂ ಸೇರುತ್ತವೆ. ನಮ್ಮ ರಸ್ತೆಗಳಲ್ಲಿ ಇದು ದಿನಕ್ಕೆ ನೂರು ಸಲ ಆಗುತ್ತದೆ, ಅಲ್ವಾ?

ಹಾಗಾಗಿ ಮೌಂಟ್ ಮಾಡುವಾಗ "ನನ್ನ ಮೋಟರ್ ಎಷ್ಟು ಪವರ್‌ಫುಲ್" ಅಂತ ಯೋಚಿಸಬೇಡಿ. "ಈ ಒಂದು ಕಿಲೋ ತೂಕವನ್ನು ಹಂಪ್ಸ್ ಮೇಲೆ ಸಾವಿರ ಸಲ ಕುಕ್ಕಿದರೆ ಯಾವುದು ಸಡಿಲ ಆಗುತ್ತದೆ" ಅಂತ ಯೋಚಿಸಿ.

ಏನೇನು ಬೇಕು

ಇಲ್ಲಿ ಹೇಳುತ್ತಿರುವುದು ಒಂದೇ ಮೋಟರಿನ, ಬೆಲ್ಟ್‌ನಲ್ಲಿ ಓಡುವ ಬೋರ್ಡ್ ಬಗ್ಗೆ. ಮೊದಲ ಸಲ ಮಾಡುವವರಿಗೆ ಇದೇ ಸರಿ. ಎರಡು ಮೋಟರ್ ಹಾಕುವ ಆಸೆ ಇದ್ದರೂ ಮೊದಲು ಒಂದನ್ನು ಗಟ್ಟಿಯಾಗಿ ಕೂರಿಸಿ.

ಮೋಟರ್ 6374 ಅಳತೆಯ ಔಟ್‌ರನ್ನರ್. 63 ಅಂದರೆ ದಪ್ಪ, 74 ಅಂದರೆ ಉದ್ದ, ಎರಡೂ ಮಿಲಿಮೀಟರ್‌ನಲ್ಲಿ. ಶಾಫ್ಟ್ ಸಾಮಾನ್ಯವಾಗಿ 8 ಮಿಮೀ, ಅದರಲ್ಲಿ ಕೀ (ಪುಲ್ಲಿ ಜಾರದಂತೆ ತಡೆಯುವ ಲೋಹದ ತುಂಡು) ಕೂರಿಸಲು ಒಂದು ಉದ್ದನೆಯ ತೋಡು ಇರುತ್ತದೆ. ಔಟ್‌ರನ್ನರ್‌ನಲ್ಲಿ ತಿರುಗುವುದು ಹೊರಗಿನ ಡಬ್ಬಿಯೇ. ಆದ್ದರಿಂದ ಆ ಡಬ್ಬಿಗೆ ಏನೂ ತಾಗಬಾರದು, ವೈರ್ ಅಂತೂ ತಾಗಲೇಬಾರದು.

ಬೆಲ್ಟ್ ಎಚ್‌ಟಿಡಿ 5ಎಂ ಜಾತಿಯದು, ಅಂದರೆ ಹಲ್ಲಿನಿಂದ ಹಲ್ಲಿಗೆ 5 ಮಿಮೀ. ಅಗಲ 15 ಮಿಮೀ ಇರಲಿ. ಒಂದೇ ಬೆಲ್ಟ್‌ನಲ್ಲಿ ಬ್ರೇಕ್ ಕೂಡ ಹಿಡಿಯಬೇಕು, 9 ಮಿಮೀ ಸಾಕಾಗುವುದಿಲ್ಲ. ಬೆಲ್ಟ್ ಮೇಲೆ 270-5ಎಂ-15 ಅಂತ ಅಚ್ಚು ಇರುತ್ತದೆ: ಉದ್ದ, ಹಲ್ಲಿನ ಅಂತರ, ಅಗಲ. ಅಂಗಡಿಯಲ್ಲಿ ಹಾಗೇ ಕೇಳಿ.

ಟ್ರಕ್ (ಚಕ್ರಗಳನ್ನು ಬೋರ್ಡ್‌ಗೆ ಹಿಡಿಸುವ ಲೋಹದ ಭಾಗ) ಆರಿಸುವಾಗ ಹ್ಯಾಂಗರ್ ಆಕಾರ ನೋಡಿ. ಪ್ಯಾರಿಸ್ ಬ್ರ್ಯಾಂಡ್ ತರಹದ ಟ್ರಕ್‌ನಲ್ಲಿ ಹ್ಯಾಂಗರ್ ದುಂಡಗಿರುತ್ತದೆ. ಕ್ಯಾಲಿಬರ್ 2 ತರಹದ್ದರಲ್ಲಿ ಮೂಲೆ ಇರುವ, ಚೌಕಕ್ಕೆ ಹತ್ತಿರದ ಆಕಾರ. ದುಂಡಗಿನ ಕೋಲನ್ನು ಹಿಡಿದ ಕ್ಲ್ಯಾಂಪ್ ಜಾರದಂತೆ ಇರಬೇಕಾದರೆ ಬರೀ ಬಿಗಿತವನ್ನೇ ನಂಬಬೇಕು. ಚೌಕದ ಮೇಲೆ ಆಕಾರವೇ ಹಿಡಿದು ನಿಲ್ಲಿಸುತ್ತದೆ. ನನ್ನ ಮೊದಲ ಮೌಂಟ್ ಜಾರಿದ್ದು ದುಂಡಗಿನ ಹ್ಯಾಂಗರ್ ಮೇಲೆ. ಈಗ ಕೇಳಿದವರಿಗೆಲ್ಲ ಚೌಕದ್ದೇ ತಗೊಳ್ಳಿ ಅನ್ನುತ್ತೇನೆ.

ಚಕ್ರ 90 ಮಿಮೀ ಇದ್ದರೆ ಒಳ್ಳೆಯದು, 83 ಆದರೂ ನಡೆಯುತ್ತದೆ. ಪುಲ್ಲಿಯನ್ನು ಸ್ಕ್ರೂ ಹಾಕಿ ಕಟ್ಟಲು ಚಕ್ರದ ನಡುವಿನ ಪ್ಲಾಸ್ಟಿಕ್ ಕೋರ್‌ನಲ್ಲಿ ತೂತು ಇರುವಂಥದ್ದನ್ನೇ ತಗೊಳ್ಳಿ.

ಇನ್ನು ಸಾಮಾನು: ವರ್ನಿಯರ್ ಕ್ಯಾಲಿಪರ್, ಅಲೆನ್ ಕೀ ಸೆಟ್, ಅರ, ಸ್ಟೀಲ್ ಸ್ಕೇಲ್, ಮಲ್ಟಿಮೀಟರ್, ನೀಲಿ ಬಣ್ಣದ ಥ್ರೆಡ್‌ಲಾಕರ್ (ಲಾಕ್‌ಟೈಟ್ 243 ಅಥವಾ ಅದಕ್ಕೆ ಸಮನಾದದ್ದು), ಐಸೋಪ್ರೊಪೈಲ್ ಆಲ್ಕೋಹಾಲ್. ಬೆಂಗಳೂರಿನಲ್ಲಿ ಇದ್ದರೆ ಕನೆಕ್ಟರ್, ವೈರ್‌ಗೆ ಎಸ್.ಪಿ. ರೋಡ್. ಬೋಲ್ಟ್, ಟೂಲ್‌ಗೆ ಎಸ್.ಜೆ.ಪಿ. ರೋಡ್. ಮೌಂಟ್ ಪ್ಲೇಟ್ ಕತ್ತರಿಸಿ ಕೊಡುವ ವರ್ಕ್‌ಶಾಪ್‌ಗಳು ಪೀಣ್ಯದಲ್ಲಿ ಸಿಗುತ್ತವೆ. ಬೇರೆ ಊರಿನಲ್ಲಿದ್ದರೆ ಒಳ್ಳೆಯ ಲೇತ್ ಅಂಗಡಿಯವರೊಬ್ಬರ ಪರಿಚಯ ಮಾಡಿಕೊಳ್ಳಿ. ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ರಟ್ಟಿನಲ್ಲಿ ಮಾಡಿ

ಅಲ್ಯೂಮಿನಿಯಂ ಮುಟ್ಟುವ ಮುಂಚೆ ಒಂದು ಗಟ್ಟಿ ರಟ್ಟು ತಗೊಳ್ಳಿ. ಹಳೇ ಪಾರ್ಸೆಲ್ ಬಾಕ್ಸ್ ಸಾಕು.

ಎರಡು ಪುಲ್ಲಿಗಳ ನಡುಬಿಂದುಗಳ ದೂರ ಎಷ್ಟು ಅಂತ ಮೊದಲು ಗೊತ್ತಾಗಬೇಕು. ಲೆಕ್ಕ ಸುಲಭ. ಎರಡೂ ಪುಲ್ಲಿಯ ಹಲ್ಲುಗಳನ್ನು ಕೂಡಿಸಿ, ಅರ್ಧ ಮಾಡಿ, 5ರಿಂದ ಗುಣಿಸಿ. 36 ಮತ್ತು 15 ಆದರೆ 127.5. ಪುಲ್ಲಿಗಳ ಗಾತ್ರ ಬೇರೆ ಬೇರೆ ಆದ್ದರಿಂದ ಇನ್ನು 4 ಮಿಮೀ ಸೇರಿಸಿ, 131.5. ಇದನ್ನು ಬೆಲ್ಟ್ ಉದ್ದದಿಂದ ಕಳೆದು ಅರ್ಧ ಮಾಡಿ. 270ರ ಬೆಲ್ಟ್‌ಗೆ 69.2 ಮಿಮೀ, 265ಕ್ಕೆ 66.8 ಬರುತ್ತದೆ. ಆ 4 ಮಿಮೀ ಈ ಜೋಡಿ ಪುಲ್ಲಿಗೆ ಮಾತ್ರ. ಹಲ್ಲು ಬದಲಾದರೆ ಅದೂ ಬದಲಾಗುತ್ತದೆ.

ರಟ್ಟಿನ ಮೇಲೆ 69 ಮಿಮೀ ಅಂತರದಲ್ಲಿ ಎರಡು ಚುಕ್ಕೆ ಇಡಿ. ಒಂದರ ಸುತ್ತ ಮೋಟರಿನ 63 ಮಿಮೀ ವೃತ್ತ ಬರೆಯಿರಿ. ಇನ್ನೊಂದರಲ್ಲಿ ಆಕ್ಸಲ್ ತೂರುವಷ್ಟು ತೂತು ಮಾಡಿ. ಚಕ್ರ ಬಿಚ್ಚಿ ರಟ್ಟನ್ನು ಆಕ್ಸಲ್‌ಗೆ ಸಿಕ್ಕಿಸಿ, ನಿಧಾನವಾಗಿ ಮೇಲೆ ಕೆಳಗೆ ತಿರುಗಿಸಿ ನೋಡಿ. ಮೋಟರ್ ಎಲ್ಲಿ ಕೂರಬಹುದು ಅಂತ ಕಣ್ಣಿಗೇ ಕಾಣುತ್ತದೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. 90 ಮಿಮೀ ಚಕ್ರದಲ್ಲಿ ಆಕ್ಸಲ್ ನೆಲದಿಂದ 45 ಮಿಮೀ ಎತ್ತರ. ಮೋಟರನ್ನು ಆಕ್ಸಲ್ ಮಟ್ಟಕ್ಕೇ ಅಡ್ಡ ಇಟ್ಟರೆ ಅದರ ತಳ ನೆಲದಿಂದ ಬರೀ 13.5 ಮಿಮೀ. 83ರ ಚಕ್ರದಲ್ಲಿ 10 ಮಿಮೀ. ಒಂದು ಜಲ್ಲಿಕಲ್ಲು ಸಾಕು. ಆದ್ದರಿಂದ ಮೋಟರನ್ನು ಮೇಲಕ್ಕೆ ಎತ್ತಬೇಕು. 10 ಡಿಗ್ರಿ ಎತ್ತಿದರೆ 12 ಮಿಮೀ ಹೆಚ್ಚು ಜಾಗ ಸಿಗುತ್ತದೆ, 15 ಡಿಗ್ರಿ ಎತ್ತಿದರೆ ಸುಮಾರು 18.

ಹಾಗಂತ ಎತ್ತುತ್ತಾ ಹೋದರೆ ಮೋಟರ್ ಡೆಕ್‌ಗೆ (ನಾವು ನಿಲ್ಲುವ ಹಲಗೆಗೆ) ಹೊಡೆಯುತ್ತದೆ. ಟ್ರಕ್‌ನ ಒಳಗಡೆ, ಅಂದರೆ ಡೆಕ್ ಕೆಳಗೆ ಮೋಟರ್ ಇಡುವವರು ಇದನ್ನು ಜೋಪಾನವಾಗಿ ನೋಡಬೇಕು. ತಿರುವಿನಲ್ಲಿ ಡೆಕ್ ಒಂದು ಕಡೆ ವಾಲುತ್ತದೆ, ಹ್ಯಾಂಗರ್ ಓರೆಯಾಗುತ್ತದೆ. ನಿಂತಾಗ ಇದ್ದ ಜಾಗ ವಾಲಿದಾಗ ಇರುವುದಿಲ್ಲ. ಡೆಕ್ ಮೇಲೆ ಒಬ್ಬರನ್ನು ನಿಲ್ಲಿಸಿ, ಎರಡೂ ಕಡೆ ಪೂರ್ತಿ ವಾಲಲು ಹೇಳಿ, ನೀವು ನೆಲದ ಮಟ್ಟಕ್ಕೆ ತಲೆ ತಗ್ಗಿಸಿ ರಟ್ಟನ್ನು ನೋಡಿ. ಆಗಲೂ ಕಿರುಬೆರಳು ತೂರುವಷ್ಟು ಸಂದು ಇರಲಿ. ಇಲ್ಲದಿದ್ದರೆ ಟ್ರಕ್ ಮತ್ತು ಡೆಕ್ ನಡುವೆ ರೈಸರ್ ಪ್ಯಾಡ್ (ಎತ್ತರ ಹೆಚ್ಚಿಸುವ ತುಂಡು) ಹಾಕಿ, ಅಥವಾ ಮೋಟರನ್ನು ಟ್ರಕ್‌ನ ಹೊರಗಡೆಗೆ, ಬೋರ್ಡಿನ ಹಿಂದಕ್ಕೆ ತನ್ನಿ. ಹೊರಗಡೆ ಜಾಗ ಧಾರಾಳ. ಆದರೆ ಬೋರ್ಡ್ ಎತ್ತಿ ಗೋಡೆಗೆ ಒರಗಿಸಿದಾಗ ಮೊದಲು ಏಟು ತಿನ್ನುವುದು ಮೋಟರೇ. ನಾನು ಒಳಗಡೆ ಇಟ್ಟು ರೈಸರ್ ಹಾಕಿದ್ದೇನೆ.

ಮೌಂಟ್ ಪ್ಲೇಟ್

6061-ಟಿ6 ಅಲ್ಯೂಮಿನಿಯಂ, ಕನಿಷ್ಠ 8 ಮಿಮೀ ದಪ್ಪ. ಮೋಟರ್ ಸ್ಕ್ರೂಗಳಿಗೆ ದುಂಡು ತೂತಿನ ಬದಲು ಉದ್ದನೆಯ ಸ್ಲಾಟ್ ಇರಲಿ. ನಡುಬಿಂದು ದೂರ 65ರಿಂದ 75 ಮಿಮೀವರೆಗೆ ಸರಿಯುವಂತೆ ಸ್ಲಾಟ್ ಮಾಡಿದರೆ 265ರಿಂದ 280ರವರೆಗಿನ ಯಾವ ಬೆಲ್ಟ್ ಸಿಕ್ಕರೂ ಹಾಕಬಹುದು. ಮೋಟರ್ ಮುಖದ ತೂತುಗಳ ಅಂತರ ಒಂದೊಂದು ಮೋಟರಿನಲ್ಲಿ ಒಂದೊಂದು ತರ. ನಿಮ್ಮ ಮೋಟರ್ ಕೈಗೆ ಬಂದ ಮೇಲೆಯೇ ಅಳೆದು ಡ್ರಾಯಿಂಗ್ ಕೊಡಿ.

ಮೌಂಟನ್ನು ಹ್ಯಾಂಗರ್‌ಗೆ ವೆಲ್ಡ್ ಮಾಡಿಸಿಬಿಟ್ಟರೆ ಆಯ್ತಲ್ಲ ಅಂತ ಅನ್ನಿಸಬಹುದು. ನಾನು ಬೇಡ ಅನ್ನುತ್ತೇನೆ. ವೆಲ್ಡಿಂಗ್ ಬಿಸಿಗೆ ಟಿ6 ಹದ ಹೋಗಿ ಪಕ್ಕದ ಲೋಹ ಮೆತ್ತಗಾಗುತ್ತದೆ. ಕೋನ ಒಂದು ಸಲ ತಪ್ಪಿದರೆ ಮತ್ತೆ ಸರಿ ಮಾಡುವ ದಾರಿಯೂ ಇಲ್ಲ. ಹ್ಯಾಂಗರ್ ಆಕಾರಕ್ಕೆ ಸರಿಯಾಗಿ ಕೊರೆದ ಎರಡು ಹೋಳಿನ ಕ್ಲ್ಯಾಂಪ್, ಎರಡು ಎಂ6 ಬೋಲ್ಟ್, ಜೊತೆಗೆ ಒಂದೆರಡು ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ). ಇಷ್ಟು ಸಾಕು.

ಹ್ಯಾಂಗರ್ ತಯಾರಿ

ಇದು ಹತ್ತು ನಿಮಿಷದ ಕೆಲಸ. ಆದರೆ ನನ್ನ ಮೊದಲ ಬೋರ್ಡ್‌ನಲ್ಲಿ ನಾನು ಬಿಟ್ಟಿದ್ದೂ ಇದನ್ನೇ.

ಹ್ಯಾಂಗರ್ ಮೇಲೆ ಪೌಡರ್ ಕೋಟಿಂಗ್ ಇರುತ್ತದೆ. ಕ್ಲ್ಯಾಂಪ್ ಅದರ ಮೇಲೆ ಕೂತರೆ ಮೊದಲ ದಿನ ಗಟ್ಟಿ ಅನ್ನಿಸುತ್ತದೆ. ದಿನ ಕಳೆದಂತೆ ಬಣ್ಣ ಅಮುಕಿಕೊಂಡು ತೆಳುವಾಗುತ್ತದೆ, ಬೋಲ್ಟ್ ತಾನಾಗಿ ತಿರುಗದಿದ್ದರೂ ಬಿಗಿ ಹೋಗುತ್ತದೆ. ಆದ್ದರಿಂದ ಕ್ಲ್ಯಾಂಪ್ ಕೂರುವಷ್ಟು ಜಾಗದಲ್ಲಿ ಬಣ್ಣ ಪೂರ್ತಿ ಕೆರೆಯಿರಿ. ಎರಕದ ಗೆರೆಯೊಂದು ಉದ್ದಕ್ಕೂ ಉಬ್ಬಿರುತ್ತದೆ, ಅದನ್ನೂ ಅರದಿಂದ ಸಮ ಮಾಡಿ. ಕೈ ಆಡಿಸಿದರೆ ಬೆರಳಿಗೆ ಗೆರೆ ಸಿಗಬಾರದು.

ಕ್ಲ್ಯಾಂಪ್ ಕೂರಿಸಿ, ಕೋನ ನೋಡಿ, ಬೋಲ್ಟ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎರಡು ಹೋಳುಗಳ ನಡುವೆ ಇನ್ನೂ ಒಂದು ತೆಳು ಸಂದು ಉಳಿದಿರಬೇಕು. ಸಂದೇ ಉಳಿಯದೆ ಮುಚ್ಚಿಕೊಂಡಿದ್ದರೆ ಕ್ಲ್ಯಾಂಪ್ ಹಿಡಿದಿರುವುದು ತನ್ನನ್ನೇ, ಹ್ಯಾಂಗರನ್ನಲ್ಲ. ಗ್ರಬ್ ಸ್ಕ್ರೂ ಹ್ಯಾಂಗರ್‌ಗೆ ತಾಗಿದ ಗುರುತು ಎಲ್ಲಿ ಬಿತ್ತು ಅಂತ ನೋಡಿ. ಬಿಚ್ಚಿ, ಅಲ್ಲಿ ಅರದಿಂದ ಒಂದು ಚಿಕ್ಕ ಚಪ್ಪಟೆ ಜಾಗ ಮಾಡಿ, ಮತ್ತೆ ಕೂರಿಸಿ. ಈಗ ಜಾರಬೇಕಾದರೆ ಸ್ಕ್ರೂ ಆ ದಡ ಹತ್ತಬೇಕು.

ಒಂದು ಎಚ್ಚರಿಕೆ. ಅರ ಹಾಕುವ ಜಾಗದಲ್ಲಿ ಮೋಟರ್ ಇಡಬೇಡಿ. ಒಳಗೆ ಜೋರು ಅಯಸ್ಕಾಂತಗಳಿವೆ. ಅರದಿಂದ, ಸ್ಕ್ರೂವಿನಿಂದ ಉದುರುವ ಕಬ್ಬಿಣದ ಪುಡಿಯನ್ನು ಸಂದುಗಳಿಂದ ಒಳಗೆ ಎಳೆದುಕೊಳ್ಳುತ್ತವೆ. ಮತ್ತೆ ತೆಗೆಯುವುದು ದೊಡ್ಡ ಕಷ್ಟ. ನಾನು ಮೋಟರನ್ನು ಹಾಲಿನ ಕವರ್‌ನಲ್ಲಿ ಕಟ್ಟಿ ಪಕ್ಕದ ಕೋಣೆಯಲ್ಲಿ ಇಡುತ್ತೇನೆ.

ಮೋಟರ್ ಸ್ಕ್ರೂ: ಬೆಂಕಿಕಡ್ಡಿಯಿಂದ ಅಳೆಯಿರಿ

ಈ ಒಂದು ಹೆಜ್ಜೆಯನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ಮೋಟರ್ ಮುಖದಲ್ಲಿ ನಾಲ್ಕು ಎಂ4 ತೂತು ಇರುತ್ತವೆ. ಅವುಗಳ ಹಿಂದೆಯೇ ತಾಮ್ರದ ಸುರುಳಿ. ಸ್ಕ್ರೂ ಸ್ವಲ್ಪ ಉದ್ದ ಆದರೆ ತುದಿ ಸುರುಳಿಗೆ ತಾಗಿ ಮೇಲಿನ ಎನಾಮಲ್ ಕೆರೆದು ಶಾರ್ಟ್ ಮಾಡುತ್ತದೆ. ಮೋಟರ್ ಜೊತೆ ಕಂಟ್ರೋಲರ್ (ಮೋಟರಿಗೆ ಕರೆಂಟ್ ಕೊಡುವ ಸರ್ಕ್ಯೂಟ್) ಕೂಡ ಹೋಗಬಹುದು.

ಒಂದು ಬೆಂಕಿಕಡ್ಡಿಯ ಮದ್ದು ಮುರಿದು, ತೂತಿನೊಳಗೆ ಮೆಲ್ಲಗೆ ಬಿಡಿ. ತಾಗಿದ ಕೂಡಲೇ ನಿಲ್ಲಿಸಿ, ಹೊರಗಿನ ಮಟ್ಟಕ್ಕೆ ಉಗುರಿನಿಂದ ಗುರುತು ಒತ್ತಿ, ತೆಗೆದು ಕ್ಯಾಲಿಪರ್‌ನಲ್ಲಿ ಅಳೆಯಿರಿ. ನಾಲ್ಕೂ ತೂತು ಅಳೆದು, ಇದ್ದುದರಲ್ಲಿ ಕಡಿಮೆ ಬಂದದ್ದನ್ನು ಹಿಡಿಯಿರಿ. ನನ್ನ ಮೋಟರಿನಲ್ಲಿ 9 ಮಿಮೀ ಬಂತು. ಪ್ಲೇಟ್ 8, ಚಪ್ಪಟೆ ವಾಷರ್ 1, ಒಟ್ಟು 9. ಹಾಗಾಗಿ 16 ಮಿಮೀ ಸ್ಕ್ರೂ ಹಾಕಿದರೆ ಒಳಗೆ ಹೋಗುವುದು 7, ಉಳಿಯುವ ಸಂದು 2. ನಿಮಗೆ 7 ಮಿಮೀ ಬಂದರೆ 14ರ ಸ್ಕ್ರೂ ಹಾಕಿ. ಆ 2 ಮಿಮೀ ಸಂದನ್ನು ಬಿಟ್ಟುಕೊಡಬೇಡಿ. ಸ್ಲಾಟ್ ಮೇಲೆ ವಾಷರ್ ಇಲ್ಲದೆ ಸ್ಕ್ರೂ ಹಾಕಬೇಡಿ, ತಲೆ ಸ್ಲಾಟ್‌ನೊಳಗೆ ಇಳಿಯಲು ಶುರುವಾಗುತ್ತದೆ.

ನಾಲ್ಕೂ ಸ್ಕ್ರೂ ಹಾಕಿ ಬಿಗಿ ಮಾಡಿದ ಮೇಲೆ ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಇಡಿ. ಒಂದು ಕಡ್ಡಿ ಮೋಟರಿನ ದಪ್ಪ ವೈರ್‌ಗೆ, ಇನ್ನೊಂದು ಮೌಂಟ್ ಪ್ಲೇಟ್‌ಗೆ. ಬೀಪ್ ಬರಲೇಬಾರದು. ಬಂದರೆ ಯಾವುದೋ ಸ್ಕ್ರೂ ತಾಮ್ರ ಮುಟ್ಟಿದೆ. ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ಕಿವಿಯನ್ನೂ ಹತ್ತಿರ ಇಡಿ. ಅಯಸ್ಕಾಂತದ ಮೆತ್ತನೆಯ ತಡೆ ತಡೆ ಸಿಗುವುದು ಸಹಜ. ಕೆರೆಯುವ ಸದ್ದು ಸಹಜ ಅಲ್ಲ.

ಎಲ್ಲ ಸರಿ ಅಂತ ಆದ ಮೇಲೆ ಒಂದೊಂದೇ ಸ್ಕ್ರೂ ಬಿಚ್ಚಿ, ಆಲ್ಕೋಹಾಲ್‌ನಲ್ಲಿ ಎಣ್ಣೆ ಒರೆಸಿ, ಒಂದು ಹನಿ ನೀಲಿ ಥ್ರೆಡ್‌ಲಾಕರ್ ಹಚ್ಚಿ ಮತ್ತೆ ಹಾಕಿ. ಎಣ್ಣೆ ಇದ್ದರೆ ಅದು ಹಿಡಿಯುವುದಿಲ್ಲ. ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಿ. ಕೆಂಪು ಬಣ್ಣದ್ದು ಬೇಡ, ಬಿಚ್ಚಬೇಕಾದರೆ ಚೆನ್ನಾಗಿ ಬಿಸಿ ಮಾಡಬೇಕಾಗುತ್ತದೆ. ಎಬಿಎಸ್, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ಗೆ ಥ್ರೆಡ್‌ಲಾಕರ್ ತಾಗದಿರಲಿ, ಬಿರುಕು ಬಿಡುತ್ತವೆ.

ಪುಲ್ಲಿ ಮತ್ತು ಬೆಲ್ಟ್

ಮೋಟರ್ ಪುಲ್ಲಿಯನ್ನು ಶಾಫ್ಟ್‌ಗೆ ಹಾಕುವಾಗ ಕೀ ಮರೆಯಬೇಡಿ. ಬರೀ ಗ್ರಬ್ ಸ್ಕ್ರೂ ನಂಬಿದರೆ ಬ್ರೇಕ್ ಹಿಡಿದಾಗ ಶಾಫ್ಟ್ ಗೀರಿಕೊಂಡು ತಿರುಗುತ್ತದೆ. ಗ್ರಬ್ ಸ್ಕ್ರೂಗೂ ಥ್ರೆಡ್‌ಲಾಕರ್ ಹಚ್ಚಿ. ಪುಲ್ಲಿಗೆ 15 ಹಲ್ಲಿಗಿಂತ ಕಡಿಮೆ ಬೇಡ. ಈ ಅಳತೆಯಲ್ಲಿ ಬೆಲ್ಟ್‌ನ ಆರು ಹಲ್ಲು ಮಾತ್ರ ಒಂದು ಹೊತ್ತಿಗೆ ಅದನ್ನು ಹಿಡಿದಿರುತ್ತವೆ. ಅದಕ್ಕೂ ಕಡಿಮೆ ಆದರೆ ಹಲ್ಲು ಹಾರುತ್ತದೆ.

ಚಕ್ರದ ಪುಲ್ಲಿಯನ್ನು ಕಟ್ಟುವಾಗ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಚಕ್ರವನ್ನು ಆಕ್ಸಲ್‌ಗೆ ಹಾಕಿ, ತಿರುಗಿಸಿ, ಪುಲ್ಲಿ ಅಂಚಿಗೆ ಪೆನ್ಸಿಲ್ ತುದಿ ಹಿಡಿಯಿರಿ. ಒಂದು ಸುತ್ತಿನಲ್ಲಿ ಸಂದು ಹಿಗ್ಗಿ ಕುಗ್ಗಿದರೆ ಪುಲ್ಲಿ ನಡುವಿಗೆ ಕೂತಿಲ್ಲ. ಬಿಚ್ಚಿ ಮತ್ತೆ ಕಟ್ಟಿ. ಪುಲ್ಲಿ ಸೇರಿದ ಮೇಲೂ ಆಕ್ಸಲ್‌ನ ಥ್ರೆಡ್ ನಟ್‌ನ ನೈಲಾನ್ ದಾಟಿ ಹೊರಗೆ ಕಾಣಬೇಕು. ಕಾಣದಿದ್ದರೆ ಆ ಪುಲ್ಲಿ ನಿಮ್ಮ ಟ್ರಕ್‌ಗೆ ದಪ್ಪ ಆಯಿತು ಅಂತ ಅರ್ಥ. ಓಡಿಸಬೇಡಿ.

ಎರಡೂ ಪುಲ್ಲಿ ಒಂದೇ ಸಾಲಿನಲ್ಲಿ ಇವೆಯಾ ಅಂತ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ, ಹಿಂದಿನಿಂದ ಬೆಳಕು ಬಿಡಿ. ಓರೆ ಇದ್ದರೆ ಬೆಲ್ಟ್ ಒಂದು ಅಂಚಿಗೆ ಸರಿದು ಅಲ್ಲೇ ನೂಲು ನೂಲಾಗಿ ಬಿಚ್ಚಿಕೊಳ್ಳುತ್ತದೆ.

ಬಿಗಿತಕ್ಕೆ ನನ್ನ ಅಳತೆ: ಬೆಲ್ಟ್‌ನ ನಡುವೆ ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ 3ರಿಂದ 5 ಮಿಮೀ ತಗ್ಗಬೇಕು. ಸಡಿಲ ಆದರೆ ಬ್ರೇಕ್ ಹಿಡಿದಾಗ 'ಟರ್ರ್' ಅಂತ ಹಲ್ಲು ಹಾರುತ್ತದೆ. ಜಾಸ್ತಿ ಬಿಗಿ ಆದರೆ ಮೋಟರಿನ ಬೇರಿಂಗ್ ಬಿಸಿಯಾಗಿ ಗುಂಯ್‌ಗುಟ್ಟುತ್ತದೆ.

ವೈರ್

ಮೂರು ದಪ್ಪ ವೈರ್, ಜೊತೆಗೆ ಹಾಲ್ ಸೆನ್ಸರ್‌ನ (ಮೋಟರ್ ಎಷ್ಟು ತಿರುಗಿದೆ ಅಂತ ಹೇಳುವ ಸೆನ್ಸರ್) ಸಣ್ಣ ವೈರ್‌ಗಳು. ಟ್ರಕ್ ತಿರುಗುವಾಗಲೆಲ್ಲ ಇವು ಮಣಿಯುತ್ತವೆ. ಕಿಂಗ್‌ಪಿನ್ (ಟ್ರಕ್‌ನ ನಡುವಿನ ದಪ್ಪ ಬೋಲ್ಟ್) ಹತ್ತಿರ ಒಂದು ಸಡಿಲ ಬಳೆಯ ಹಾಗೆ ಸುತ್ತು ಬಿಟ್ಟು, ಡೆಕ್‌ಗೆ ಒಂದು ಕ್ಲಿಪ್ ಹಾಕಿ ಕಟ್ಟಿ. ಡಬ್ಬಿಗೂ ಚಕ್ರಕ್ಕೂ ತಾಗದ ಹಾಗೆ ಎರಡೂ ಕಡೆ ವಾಲಿಸಿ ನೋಡಿ. ಮೋಟರ್ ಉಲ್ಟಾ ತಿರುಗಿದರೆ ಮೂರು ದಪ್ಪ ವೈರ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ. ಸೆನ್ಸರ್ ಇದ್ದರೆ ಆಮೇಲೆ ಕಂಟ್ರೋಲರ್‌ನಲ್ಲಿ ಮೋಟರ್ ಡಿಟೆಕ್ಷನ್ (ಕಂಟ್ರೋಲರ್ ತಾನೇ ಮೋಟರನ್ನು ಅಳೆದುಕೊಳ್ಳುವುದು) ಮತ್ತೆ ಮಾಡಿಸಿ.

ಮೊದಲ ಓಟ

ವೆಸ್ಕ್ ಅನ್ನುವ ಜಾತಿಯ ಕಂಟ್ರೋಲರ್ ಆದರೆ ಡಿಟೆಕ್ಷನ್ ಮಾಡುವಾಗ ಬೆಲ್ಟ್ ತೆಗೆದಿಡಿ, ಮೋಟರ್ ಹಗುರವಾಗಿ ತಿರುಗಬೇಕು. ಆಮೇಲೆ ಬೆಲ್ಟ್ ಹಾಕಿ, ಬೋರ್ಡನ್ನು ಎರಡು ಇಟ್ಟಿಗೆ ಮೇಲೆ ಇಟ್ಟು ಚಕ್ರ ಗಾಳಿಯಲ್ಲಿ ಓಡಿಸಿ. ಮೊದಲ ದಿನ ಮೋಟರ್ ಕರೆಂಟನ್ನು 20 ಆಂಪಿಯರ್‌ಗೆ ಕಟ್ಟಿಹಾಕಿ. 10 ಸೆಲ್ ಸಾಲಿನ, 36 ವೋಲ್ಟ್ ಬ್ಯಾಟರಿಯಲ್ಲಿ ಈ ಪುಲ್ಲಿ, 90 ಮಿಮೀ ಚಕ್ರಕ್ಕೆ ಲೆಕ್ಕದ ವೇಗ ಗಂಟೆಗೆ 48 ಕಿಲೋಮೀಟರ್. ಆಳು ನಿಂತಾಗ ಕಡಿಮೆ ಆಗುತ್ತದೆ, ಆದರೂ ಅದು ಸಣ್ಣ ವೇಗ ಅಲ್ಲ. ಕಂಟ್ರೋಲರ್‌ನಲ್ಲೇ ಮಿತಿ ಹಾಕಿಕೊಳ್ಳಿ.

ನಮ್ಮ ದೇಶದಲ್ಲಿ ನೋಂದಣಿ ಇಲ್ಲದೆ ಓಡಿಸಲು ಬಿಡುವ ಬ್ಯಾಟರಿ ಗಾಡಿಗಳಿಗೆ 250 ವಾಟ್, 25 ಕಿಲೋಮೀಟರ್ ವೇಗದ ಮಿತಿ ಇದೆ. ಈ ಮೋಟರ್ ಅದಕ್ಕಿಂತ ಬಹಳ ಮೇಲಿನದು. ಆದ್ದರಿಂದ ಮುಖ್ಯ ರಸ್ತೆ ಬೇಡ. ಅನುಮತಿ ಇರುವ ಖಾಸಗಿ ಆವರಣ, ಖಾಲಿ ಕಾಂಪೌಂಡ್ ಹುಡುಕಿ. ಹೆಲ್ಮೆಟ್, ಮಂಡಿಗೆ ಮೊಣಕೈಗೆ ಪ್ಯಾಡ್ ಬೇಕೇ ಬೇಕು. ಬೆಲ್ಟ್ ಹರಿದರೆ ಬ್ರೇಕ್ ಕೂಡ ಹೋಗುತ್ತದೆ ಅನ್ನುವುದು ನೆನಪಿರಲಿ. ಹಾಗಾಗಿ ಕಾಲು ನೆಲಕ್ಕೆ ಎಳೆದು ನಿಲ್ಲಿಸುವುದನ್ನು ಮೋಟರ್ ಆನ್ ಮಾಡುವ ಮುಂಚೆಯೇ ಕಲಿಯಿರಿ.

ಹೊರಡುವ ಮುಂಚೆ ಕೊನೆಯ ಕೆಲಸ ಒಂದಿದೆ. ಮನೆಯಲ್ಲಿ ನೇಲ್ ಪಾಲಿಶ್ ಇರುತ್ತದಲ್ಲ, ತಿಳಿ ಬಣ್ಣದ್ದು ತಗೊಳ್ಳಿ. ಪ್ರತಿ ಸ್ಕ್ರೂ ತಲೆಯಿಂದ ಪ್ಲೇಟ್ ಮೇಲಕ್ಕೆ ಹಾದು ಹೋಗುವ ಹಾಗೆ ಒಂದು ಸಣ್ಣ ಗೆರೆ ಎಳೆಯಿರಿ. ಕ್ಲ್ಯಾಂಪ್‌ನಿಂದ ಹ್ಯಾಂಗರ್ ಮೇಲಕ್ಕೂ ಒಂದು ಗೆರೆ. ಒಂದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಬೋರ್ಡ್ ಮಗುಚಿ ನೋಡಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಆ ಸ್ಕ್ರೂ ತಿರುಗಿದೆ. ಕ್ಲ್ಯಾಂಪ್ ಗೆರೆ ಮುರಿದಿದ್ದರೆ ಅವತ್ತು ಮುಂದೆ ಓಡಿಸಬೇಡಿ, ನಡೆದುಕೊಂಡೇ ಮನೆಗೆ ಬನ್ನಿ. ಆಮೇಲೆ 5 ಕಿಲೋಮೀಟರ್ ಆದಾಗ ಒಂದು ಸಲ, 20 ಆದಾಗ ಒಂದು ಸಲ ನೋಡಿ. ಅಲ್ಲಿಂದ ಮುಂದೆ ಪ್ರತಿ ಸಲ ಹೊರಡುವ ಮುಂಚೆ. ಅರ್ಧ ನಿಮಿಷವೂ ಬೇಡ. ಬ್ಯಾಗ್‌ನಲ್ಲಿ ಒಂದು ಬಿಡಿ ಬೆಲ್ಟ್, 3 ಮತ್ತು 5 ಮಿಮೀ ಅಲೆನ್ ಕೀ, ಆಕ್ಸಲ್ ನಟ್ ಬಿಚ್ಚುವ ಅರ್ಧ ಇಂಚಿನ ಸ್ಪ್ಯಾನರ್ ಇಟ್ಟುಕೊಳ್ಳಿ. ದಾರಿಯಲ್ಲಿ ಬೆಲ್ಟ್ ಬದಲಿಸಲು ಇಷ್ಟು ಸಾಕು.